ಸೊಟ್ಟ ಹೊಲಿಗೆ

ಶವದ ವ್ಯಾನಿನವನು ಜೇಬಿನಿಂದ ಬಟ್ಟೆಯ ಪಟ್ಟಿ ತೆಗೆದು, ಎದೆಯ ಮೇಲೆ ಅಮ್ಮನ ಎರಡೂ ಕೈ ಜೋಡಿಸಿದ. ಮಗಳು ತಟ್ಟನೆ ಅವನ ತೋಳು ಹಿಡಿದಳು.

"ಕಟ್ಟಬೇಡಿ."

"ಅಲ್ಲಮ್ಮ, ದಾರಿ ತುಂಬ ಗುಂಡಿ. ಕೈ ಜಾರಿ ಬೀಳುತ್ತೆ. ನೋಡೋರಿಗೆ ಚೆನ್ನಾಗಿರಲ್ಲ."

"ನಾನು ಹಿಡ್ಕೋತೀನಿ."

ತಮ್ಮ ಮುಂದೆ ಬಂದ. "ಬಿಡಿ ಅಣ್ಣ. ಕೈ ಮಾತ್ರ ಯಾವತ್ತೂ ಕಟ್ಟಿಸಬೇಡ ಅಂತ ಅಮ್ಮ ಇವಳ ಹತ್ರ ಮಾತು ತಗೊಂಡಿದ್ಲು. ನಮ್ಮಕ್ಕ ಕೊಟ್ಟ ಮಾತಿಗೆ ತಪ್ಪೋಳಲ್ಲ."

ಅವಳು ಅಮ್ಮನ ಸ್ವೆಟರಿನ ತೋಳನ್ನು ಮಣಿಕಟ್ಟಿನವರೆಗೆ ಎಳೆದಳು. ಬೆಳಗಿನಿಂದ ಅದೇ ಕೆಲಸ. ಹೊರಗೆ ಹೋಗುವುದು, ಅರ್ಧ ಲೋಟ ನೀರು ಕುಡಿಯುವುದು, ಮತ್ತೆ ಬಂದು ತೋಳು ಎಳೆಯುವುದು. ಈ ಸೆಕೆಯಲ್ಲಿ ಸ್ವೆಟರ್ ಯಾಕೆಂದು ಯಾರೂ ಕೇಳಲಿಲ್ಲ.

* * *

ಅಮ್ಮ ಟೈಲರ್. ನಲವತ್ತು ವರ್ಷದ ಹಿಂದೆ ಅಜ್ಜಿಗೆ ಅರಳುಮರಳಾಗಿ, ಹೊಲಿದಿಟ್ಟ ಬಟ್ಟೆಗಳನ್ನೆಲ್ಲ ಬೀದಿಗೆ ಎಸೆಯತೊಡಗಿದಾಗ, ಕತ್ತರಿಸಿ ಉಳಿದ ಅಂಚುಗಳಿಂದ ಅವಳ ಕೈಗಳನ್ನು ಮಂಚಕ್ಕೆ ಕಟ್ಟಿ ಮೆಷಿನ್ ಮುಂದೆ ಕೂರುತ್ತಿದ್ದಳು. ಅಜ್ಜಿ ಹೋದ ದಿನ ಗಂಟು ಬಿಚ್ಚಲು ಬಾರದೆ ಕತ್ತರಿ ಹಾಕಬೇಕಾಯಿತು. ಆವತ್ತೇ ಹದಿನಾಲ್ಕರ ಮಗಳನ್ನು ಎದುರಿಗೆ ಕೂರಿಸಿಕೊಂಡಳು.

"ನಂಗೂ ತಲೆ ಕೆಟ್ರೆ ಬೈಯಿ, ಬಾಗಿಲು ಹಾಕು, ಏನಾದ್ರೂ ಮಾಡ್ಕೋ. ಕೈ ಮಾತ್ರ ಕಟ್ಟಿಸಬೇಡ ಕಣೇ."

"ಇಲ್ಲಮ್ಮ."

* * *

ಅಮ್ಮನಿಗೂ ತಲೆ ಕೆಟ್ಟೇ ಕೆಟ್ಟಿತು. ಮಕ್ಕಳ ಹೆಸರು ಮರೆತರೂ ಕೈ ಕಸುಬು ಮರೆಯಲಿಲ್ಲ. ಸಿಕ್ಕ ಹೊಲಿಗೆಯನ್ನೆಲ್ಲ ಉಗುರಿನಿಂದ ಬಿಚ್ಚುತ್ತಿದ್ದಳು. ಸೇರಿಸಿದ ವೃದ್ಧಾಶ್ರಮದಲ್ಲಿ ಒಂದು ದಿಂಬೂ ಮಾನ ಉಳಿಸಿಕೊಂಡಿರಲಿಲ್ಲ. ಎಲ್ಲರೂ ನಗುತ್ತಿದ್ದರು, ಪಕ್ಕದ ಮಂಚದ ಟೀಚರಮ್ಮ ಮಂಡಿ ಆಪರೇಷನ್ ಮಾಡಿಸಿಕೊಂಡು ಬರುವ ತನಕ.

"ಯಾವನ್ರೀ ಇದನ್ನ ಹೊಲ್ದಿದ್ದು? ಸೊಟ್ಟ. ಅಲ್ಲಾಡಬೇಡಿ, ಬಿಚ್ಚಿ ಹಾಕ್ಕೊಡ್ತೀನಿ." ಅಮ್ಮ ಮಂಡಿಯ ಹೊಲಿಗೆಗೆ ಉಗುರು ಹಾಕಿದಳು.

ಟೀಚರಮ್ಮ ನಿದ್ದೆಯಿಂದೆದ್ದು ಕಿರುಚುವಷ್ಟರಲ್ಲಿ ಎರಡು ಹೊಲಿಗೆ ಕಿತ್ತುಬಂದಿದ್ದವು.

ಮ್ಯಾನೇಜರ್ ಮಗಳ ಮುಂದೆ ಒಪ್ಪಿಗೆ ಪತ್ರ ಇಟ್ಟ. "ಕೈ ಕಟ್ಟೋಕೆ ಸೈನ್ ಹಾಕಿ, ಇಲ್ಲ ಮನೆಗೆ ಕರ್ಕೊಂಡು ಹೋಗಿ ಮೇಡಂ." ಮನೆಗೆ ಬೀಗ ಹಾಕಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಅವಳು ಸೈನ್ ಹಾಕಿದಳು. ತಮ್ಮನಿಗೆ ಹೇಳಲಿಲ್ಲ.

* * *

ವ್ಯಾನಿನ ಬಾಗಿಲ ಬಳಿ ಆಶ್ರಮದ ಆಯಾ ನಿಂತಿದ್ದಳು. ಅವಳ ಬಿಳಿ ಕೋಟಿನ ಕೆಳಗಿನ ಮಡಿಕೆ ಬಿಚ್ಚಿ ಜೋತಾಡುತ್ತಿತ್ತು.

"ಅಕ್ಕ, ನಿಮ್ಮ ತಮ್ಮಂಗೆ ಹೇಳಿಲ್ವಾ?"

"ಇಲ್ಲ."

"ನನ್ನ ಪಾಳಿಯಲ್ಲಿ ನಾನು ಕೈ ಕಟ್ಟು ಬಿಚ್ಚಿಬಿಡ್ತಿದ್ದೆ. ಪಕ್ಕದಲ್ಲಿ ಕೂತು ಈ ಕೋಟು ಕೈಗೆ ಕೊಡ್ತಿದ್ದೆ. ದಿನಾ ಮನೇಲಿ ನಾನು ಹೊಲ್ಕೊಂಡು ಬರೋದು, ಇಲ್ಲಿ ಅವರು ಬಿಚ್ಚೋದು. ಇಷ್ಟು ವಯಸ್ಸಾದ್ರೂ ಒಂದು ಹೊಲಿಗೆ ನೆಟ್ಟಗೆ ಬರಲ್ವಲ್ಲೇ ಅಂತ ಬೈಸ್ಕೊಳ್ತಿದ್ದೆ." ಜೋತುಬಿದ್ದ ಅಂಚನ್ನು ಬೆರಳಲ್ಲಿ ಹಿಡಿದಳು. "ನಿನ್ನೆ ಅವರು ಬಿಚ್ಚಿದ್ದು ಇದು. ಹೊಲಿಯೋಕೆ ಮನಸ್ಸಾಗ್ಲಿಲ್ಲ."

"ಬೇರೆಯವರ ಪಾಳಿಯಲ್ಲಿ?"

ಆಯಾ ಅಂಚನ್ನು ಬಿಟ್ಟು ವ್ಯಾನಿನ ಬಾಗಿಲು ತೆರೆದಳು.

ವ್ಯಾನ್ ಹೊರಟಿತು. ಅಕ್ಕ ತಮ್ಮ ಎದುರುಬದುರಾಗಿ ಕೂತರು, ನಡುವೆ ಅಮ್ಮ. ಅಕ್ಕ ಅಮ್ಮನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದಿದ್ದಳು. ತಿರುವಿನ ಗುಂಡಿಯಲ್ಲಿ ಚಕ್ರ ಇಳಿದಾಗ ಒಂದು ಕೈ ಜಾರಿ ತಮ್ಮನ ಮಂಡಿಯ ಮೇಲೆ ಬಿತ್ತು. ಸ್ವೆಟರಿನ ತೋಳು ಮೇಲೆ ಸರಿಯಿತು. ಮಣಿಕಟ್ಟಿನ ಸುತ್ತ ಬಳೆಯಷ್ಟಗಲ ಕಪ್ಪುಗಟ್ಟಿದ ಗುರುತು.

"ಇದೇನಕ್ಕ?"

ಈ ಸಲ ಅವಳು ತೋಳು ಎಳೆಯಲಿಲ್ಲ.

"ಹನ್ನೊಂದು ದಿನ ಕಟ್ಟಿದ್ರು. ಸೈನ್ ಹಾಕಿದ್ದು ನಾನೇ. ಕೊಟ್ಟ ಮಾತು ಉಳಿಸ್ಲಿಲ್ಲ."

ತಮ್ಮ ಆ ಕೈಯನ್ನು ಹಿಂದಕ್ಕೆ ಕೊಡಲಿಲ್ಲ. ಅಮ್ಮನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಬಿಳಿ ದಾರದ ತುಣುಕೊಂದು ಸಿಕ್ಕಿಕೊಂಡಿತ್ತು.