ಜುರೆಮಾ ಒಗೆಯದ ಜಾಕೆಟ್

ಆ ಸೋಮವಾರ ಬೆಳಿಗ್ಗೆ ಗಿಲ್ವಾನ್ ತನ್ನ ಕ್ಲಬ್ ಜಾಕೆಟನ್ನು ನನ್ನ ಹೆಂಡತಿಯ ಕೈಗೆ ಕೊಟ್ಟಾಗ ನಾನು ಮೂರು ಮಾರು ದೂರದಲ್ಲಿ ಕೂತು, ಮೈದಾನದ ಗೆರೆಗಳಿಗೆ ಸುಣ್ಣ ಕಲಸುತ್ತಿದ್ದೆ. ಎಲ್ಲ ನೋಡಿದೆ, ಎಲ್ಲ ಕೇಳಿಸಿಕೊಂಡೆ. ಪೊಲೀಸರು ಬಂದು ವಿಚಾರಿಸಿದಾಗ ಮಾತ್ರ ಏನೂ ನೋಡಲಿಲ್ಲ ಅಂದುಬಿಟ್ಟೆ.

ನನ್ನ ಹೆಸರು ಬೆಲಾರ್ಮಿನೊ. ಬ್ರೆಜಿಲ್‌ನ ಬಾರೊ ವೆರ್ಮೆಲ್ಯೊ ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುತ್ತಿದ್ದೆ. ಹೆಂಡತಿ ಜುರೆಮಾ ಆಟಗಾರರ ಬಟ್ಟೆ ಒಗೆಯುತ್ತಿದ್ದಳು. ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಅಡಿಯಲ್ಲಿ ಕ್ಲಬ್ಬಿನವರು ಕೊಟ್ಟ ಎರಡು ಕೋಣೆಗಳಲ್ಲಿ ಮೂವತ್ತೊಂದು ವರ್ಷ ಸಂಸಾರ ಮಾಡಿದ್ದೆವು. ಗೋಲು ಬಿದ್ದಾಗಲೆಲ್ಲ ಊರು ನಮ್ಮ ತಲೆಯ ಮೇಲೆ ಕುಣಿಯುತ್ತಿತ್ತು. ಗಾರೆಯ ಪುಡಿ ಉದುರಿ ಹುರುಳಿಕಾಯಿ ಪಲ್ಯದೊಳಗೆ ಬೀಳುತ್ತಿತ್ತು.

ಗಿಲ್ವಾನ್ ನಮ್ಮ ಒಂಬತ್ತನೇ ನಂಬರಿನವನು. ಆ ವರ್ಷ ಹದಿನೇಳು ಗೋಲು ಹೊಡೆದು, ನಮ್ಮಂಥ ಪುಟ್ಟ ಕ್ಲಬ್ಬನ್ನು ಮಿನಾಸ್ ರಾಜ್ಯದ ಮೊದಲ ದರ್ಜೆಯ ಬಾಗಿಲವರೆಗೂ ಎಳೆದು ತಂದಿದ್ದ. ಕ್ಷೌರದಂಗಡಿಯಲ್ಲೂ ಅವನದೇ ಚಿತ್ರ, ಬೇಕರಿಯಲ್ಲೂ ಅವನದೇ ಚಿತ್ರ. ಆದರೆ ಫೈನಲ್ಲಿಗೆ ಒಂದು ವಾರ ಮುಂಚೆ, ಭಾನುವಾರದ ಆಟದಲ್ಲಿ ಪೆನಾಲ್ಟಿಯನ್ನು ಗೋಲಿನ ಮೇಲಿಂದ ಹಾರಿಸಿದ. ಆಟ ಮುಗಿದ ಮೇಲೆ ಬಸ್ ನಿಲ್ದಾಣದ ಎದುರಿನ ಬಾರಿನಲ್ಲಿ ನಿವಾಲ್ದೊ ಅನ್ನುವ ಬೈಕ್ ಟ್ಯಾಕ್ಸಿಯವನು, "ಬೈಕ್ ಹತ್ತು ಗುರೂ, ಗೋಲು ಎಲ್ಲಿದೆ ಅಂತ ತೋರಿಸ್ಕೊಂಡು ಬರ್ತೀನಿ, ಬಾಡಿಗೆ ಬೇಡ" ಎಂದು ಎಲ್ಲರೆದುರು ಅವನನ್ನು ಛೇಡಿಸಿದನಂತೆ. ಎಲ್ಲರೂ ನಕ್ಕರಂತೆ.

ಮರುದಿನ ಬೆಳಿಗ್ಗೆ ಏಳಕ್ಕೆ ಗಿಲ್ವಾನ್ ನಮ್ಮ ಒಗೆಯುವ ತೊಟ್ಟಿಯ ಹತ್ತಿರ ಬಂದು ನಿಂತ.

"ಚಿಕ್ಕಮ್ಮ, ಮೊದಲು ಇದೊಂದನ್ನ ಒಗೆದುಬಿಡಿ. ಮನೇಲಿ ಕೋಳಿ ಕುಯ್ದೆ."

"ನೀನಾ? ಮಂಡಿ ತರಚಿದ್ರೆ ಆಕಾಶ ಭೂಮಿ ಒಂದು ಮಾಡೋನು ನೀನು, ಕೋಳಿ ಕುಯ್ದ್ಯಾ?" ಜುರೆಮಾ ನಕ್ಕಳು. ಅವನು ನಗಲಿಲ್ಲ. ಹಿಂದೆ ತಿರುಗಿ ನೋಡದೆ ಹೊರಟುಹೋದ.

ಒಂಬತ್ತು ಗಂಟೆಗೆ ರೇಡಿಯೋದಲ್ಲಿ ಸುದ್ದಿ ಬಂತು. ರೈಲು ಹಳಿಯ ಪಕ್ಕ ನಿವಾಲ್ದೊನ ಹೆಣ ಸಿಕ್ಕಿತ್ತು. ಏಳು ಕಡೆ ಚಾಕುವಿನಿಂದ ಇರಿದಿದ್ದರು. ಜಾಕೆಟ್ ಇನ್ನೂ ಒಗೆಯದೆ ತೊಟ್ಟಿಯ ಅಂಚಿನ ಮೇಲೆ ಹಾಗೇ ಇತ್ತು. ಜುರೆಮಾ ಅದರ ತೋಳನ್ನು ಬಿಡಿಸಿ ಕಲೆಗಳನ್ನು ಒಂದೊಂದಾಗಿ ನೋಡಿದಳು.

"ಒಗೆದು ಹಾಕು ಜುರೆಮಾ. ನಮಗ್ಯಾಕೆ ಈ ಉಸಾಬರಿ?" ಅಂದೆ.

"ಒಗೆದು? ಆಮೇಲೆ ನಿವಾಲ್ದೊನ ತಾಯಿ ಎದುರಿಗೆ ಬಂದ್ರೆ ಏನ್ ಹೇಳ್ಲಿ, ಸೋಪು ಚೆನ್ನಾಗಿತ್ತು ಅಂತಾನಾ?"

ಅವಳು ಜಾಕೆಟನ್ನು ಮಡಚಿ, ಕಾಗದದ ಚೀಲಕ್ಕೆ ಹಾಕಿ, ಬಸ್ಸು ಹತ್ತಿ ಒಬ್ಬಳೇ ಠಾಣೆಗೆ ಹೋದಳು. ಮಧ್ಯಾಹ್ನ ಪೊಲೀಸರು ಬಂದು ನನ್ನನ್ನು ಕೇಳಿದರು. ಆಚೆ ಮೂಲೆಯಲ್ಲಿದ್ದೆ, ಕಾಣಲಿಲ್ಲ ಅಂದೆ. ಜುರೆಮಾ ಅಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು. ಯಾಕೆ ಸುಳ್ಳು ಹೇಳಿದೆ ಎಂದು ಆವತ್ತೂ ಕೇಳಲಿಲ್ಲ, ಮುಂದಿನ ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ಕೇಳಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಜಾಕೆಟಿನ ರಕ್ತ ನಿವಾಲ್ದೊನದೇ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಪೊಲೀಸರು ಗಿಲ್ವಾನನನ್ನು ಹಿಡಿದರೂ, ವಿಚಾರಣೆಯಾಗುವವರೆಗೆ ಎಂದು ಅವನ ವಕೀಲರು ನಾಲ್ಕೇ ದಿನದಲ್ಲಿ ಬಿಡಿಸಿಕೊಂಡು ಬಂದರು. ಆಟಗಾರರೆಲ್ಲರ ಜಾಕೆಟ್ಟೂ ಕ್ಲಬ್ಬಿನ ಒಂದೇ ಕೋಣೆಯಲ್ಲಿರುತ್ತದೆ, ಇವನದನ್ನು ಬೇರೆ ಯಾರೋ ಹಾಕಿಕೊಂಡು ಹೋಗಿದ್ದಾರೆ ಎಂಬುದು ಅವರ ವಾದ. ಅವನು ಫೈನಲ್ ಆಡಿದ, ಗೋಲು ಹೊಡೆದ, ನಾವು ಮೊದಲ ದರ್ಜೆಗೇರಿದೆವು. ಊರು ಮೂರು ದಿನ ಪಟಾಕಿ ಹೊಡೆಯಿತು. ನಾಲ್ಕನೇ ದಿನ ನಮ್ಮ ಗೋಡೆಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ "ದ್ರೋಹಿ" ಎಂದು ಬರೆದಿದ್ದರು. ನಾನು ಸುಣ್ಣ ತಂದೆ. ಜುರೆಮಾ ಬಕೆಟ್ಟನ್ನು ಕಾಲಿನಿಂದ ಆಚೆಗೆ ತಳ್ಳಿದಳು.

"ಬಿಡು, ಇರ್ಲಿ. ಬರೆದೋರಿಗೆ ನಾಚಿಕೆ ಆಗೋವರೆಗೂ ಇರ್ಲಿ."

ಗಿಲ್ವಾನನ ಆಟದ ಅಂಗಿಯನ್ನೂ ಅವಳೇ ಒಗೆಯುತ್ತಿದ್ದಳು. ಅದು ಹೇಗೆ ಮನಸ್ಸು ಬರುತ್ತದೆ ಎಂದು ಕೇಳಿದರೆ, "ಬೆವರಾದ್ರೆ ಯಾರದ್ದಾದ್ರೂ ಒಗೀತೀನಿ" ಅನ್ನುವಳು.

ವಿಚಾರಣೆಗೆ ಒಂದು ವಾರ ಇರುವಾಗ ಕ್ಲಬ್ಬಿನ ಅಧ್ಯಕ್ಷ ಒತಾಸಿಲಿಯೊ ನಮ್ಮ ಕೋಣೆಗೇ ಬಂದ. ಕಾಫಿ ಕುಡಿದು, ಮೆಲ್ಲಗೆ ಶುರುಮಾಡಿದ.

"ಜುರೆಮಾ ಅಮ್ಮನೋರೇ, ವಯಸ್ಸಾದ ಮೇಲೆ ಮರೆವು ಸಹಜ. ಯಾರು ಕೊಟ್ರು, ಯಾವಾಗ ಕೊಟ್ರು... ಯಾರೂ ತಪ್ಪು ತಿಳ್ಕೊಳ್ಳಲ್ಲ."

"ನೀವು ಆಡ್ತಿದ್ದ ಕಾಲದಲ್ಲಿ ನಿಮ್ಮ ಚಡ್ಡೀನೂ ನಾನೇ ಒಗ್ದಿದ್ದು, ಅಧ್ಯಕ್ಷರೇ. ಆ ಕಲೆಗಳೂ ನೆನಪಿವೆ. ಹೇಳ್ಲಾ?"

ಅವನು ಎದ್ದುಹೋದ. ಮರುದಿನ ಗಿಲ್ವಾನನ ವಕೀಲ ನನ್ನನ್ನು ಪ್ರತ್ಯೇಕವಾಗಿ ಕರೆಸಿದ. ಗಿಲ್ವಾನನ ಪರ ನಾನು ಸಾಕ್ಷಿ ಹೇಳಬೇಕಂತೆ. ಹೊಸದೇನೂ ಬೇಡ, ಪೊಲೀಸರಿಗೆ ಹೇಳಿದ್ದನ್ನೇ ಹೇಳಿದರೆ ಸಾಕಂತೆ. ಆಗಲಿ ಎಂದು ತಲೆಯಾಡಿಸಿದೆ.

ನ್ಯಾಯಾಲಯ ಕಿಕ್ಕಿರಿದಿತ್ತು. ಊರವರಲ್ಲೇ ಆರಿಸಿದ ಏಳು ಮಂದಿ ತೀರ್ಪುಗಾರರು, ದೇಶದ ದೊಡ್ಡ ದೊಡ್ಡ ಟಿವಿಯವರು, ಕ್ಲಬ್ಬಿನ ಕೆಂಪು ಅಂಗಿ ತೊಟ್ಟ ಅರ್ಧ ಊರು. ಸಾಕ್ಷಿಗಳನ್ನು ಹೊರಗಿನ ಕೋಣೆಗಳಲ್ಲಿ ಕೂರಿಸಿದ್ದರು. ಒಳಗೆ ಜುರೆಮಾ ಆಡಿದ ಮಾತನ್ನು ಆಮೇಲೆ ನಿವಾಲ್ದೊನ ಅಕ್ಕ ನನಗೆ ತಿಳಿಸಿದಳು. ವಕೀಲ, "ಬಟ್ಟೆ ಒಗೆಯೋರು ನೀವು, ಕಲೆ ನೋಡಿ ರಕ್ತ ಅಂತ ಹೇಗೆ ಹೇಳಿದಿರಿ?" ಎಂದು ಕೆಣಕಿದನಂತೆ. "ಬಟ್ಟೆ ಒಗೆಯೋಳಲ್ದೆ ಇನ್ಯಾರು ಹೇಳ್ಬೇಕು ಸ್ವಾಮಿ, ಕೋಟು ಹಾಕ್ಕೊಂಡೋರಾ?" ಅಂದಳಂತೆ. ಕೆಂಪು ಅಂಗಿಯವರೂ ನಕ್ಕುಬಿಟ್ಟರಂತೆ. ಆಗ ವಕೀಲ ನನ್ನ ಹೇಳಿಕೆಯನ್ನು ಗಟ್ಟಿಯಾಗಿ ಓದಿ, "ನಿಮ್ಮ ಗಂಡನೇ ನಿಮ್ಮನ್ನ ನಂಬಲ್ಲವಲ್ಲ" ಎಂದನಂತೆ.

ಆಮೇಲೆ ನನ್ನನ್ನು ಕರೆದರು. ವಕೀಲ ನಗುತ್ತಲೇ ಕೇಳಿದ, "ಆ ಬೆಳಿಗ್ಗೆ ನೀವು ಏನೂ ನೋಡಲಿಲ್ಲ, ಅಲ್ಲವೇ?"

ಸಾಕ್ಷಿ ಮುಗಿಸಿದ ಜುರೆಮಾ ಜನರ ನಡುವೆ, ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ನನ್ನತ್ತ ನೋಡುತ್ತಿರಲಿಲ್ಲ. ನನ್ನಿಂದ ಅವಳು ಏನನ್ನೂ ಬಯಸುತ್ತಿಲ್ಲ ಎಂದು ಆಗ ಹೊಳೆಯಿತು.

"ನೋಡಿದೆ," ಅಂದೆ. "ಗಿಲ್ವಾನ್ ತನ್ನ ಕೈಯಾರೆ ಕೊಟ್ಟ. ಕೋಳಿ ಕುಯ್ದೆ ಅಂದ. ನಾನು ಅಲ್ಲೇ ಇದ್ದೆ."

ಸಭಾಂಗಣದಲ್ಲಿ ಗದ್ದಲವೆದ್ದಿತು. "ಕ್ಲಬ್ಬಿನ ಅನ್ನ ತಿಂದೋನೇ!" ಎಂದು ಯಾರೋ ಕೂಗಿದರು. ನಾನು ತಿರುಗಿ, "ದುಡಿದು ತಿಂದಿದೀನಿ ಕಣೋ!" ಎಂದು ಅಷ್ಟೇ ಗಟ್ಟಿಯಾಗಿ ಕೂಗಿದೆ. ನ್ಯಾಯಾಧೀಶೆ ಮೇಜು ಬಡಿದರು.

"ಪೊಲೀಸರಿಗೆ ಬೇರೆ ಹೇಳಿದ್ದೀರಿ. ಯಾರಾದರೂ ಬೆದರಿಸಿದ್ದರಾ?"

"ಇಲ್ಲ, ತಾಯಿ. ನಾಚಿಕೆ ಅದೇ. ಯಾರೂ ಬೆದರಿಸೋಕೆ ಮೊದಲೇ ಹೆದರಿಬಿಟ್ಟಿದ್ದೆ. ಈಗ ಬೇಕಾದ್ರೆ ನನ್ನನ್ನೂ ಜೈಲಿಗೆ ಹಾಕಿ, ಮಾತು ಮಾತ್ರ ಇದೇ."

ಜೈಲಿಗೆ ಹಾಕಲಿಲ್ಲ. ತೀರ್ಪಿಗೆ ಮೊದಲು ನಿಜ ಹೇಳಿದವನಿಗೆ ಶಿಕ್ಷೆಯಿಲ್ಲವಂತೆ. ಸಂಜೆ ಎಲ್ಲರನ್ನೂ ಎದ್ದು ನಿಲ್ಲಿಸಿ ತೀರ್ಪು ಓದಿದರು. ಹದಿನಾರು ವರ್ಷ. ಬೇಡಿ ತೊಟ್ಟ ಗಿಲ್ವಾನ್ ನಮ್ಮ ಪಕ್ಕ ಹಾದುಹೋಗುವಾಗ, "ನಿಮ್ಮಿಂದ ಹೀಗಾಯ್ತು ಚಿಕ್ಕಮ್ಮ" ಅಂದ.

"ನನ್ನಿಂದಲ್ಲ ಮಗಾ," ಅಂದಳು ಜುರೆಮಾ. ದನಿ ಒಂದಿಷ್ಟೂ ನಡುಗಲಿಲ್ಲ. ನಿವಾಲ್ದೊನ ತಾಯಿ ಬಂದು ಅವಳ ಕೈ ಹಿಡಿದಾಗ ಮಾತ್ರ ಬಿಕ್ಕಿಬಿಕ್ಕಿ ಅತ್ತಳು.

ತಿಂಗಳೊಳಗೆ ಕೋಣೆ ಖಾಲಿ ಮಾಡಿಸಿದರು. ಈಗ ಅವಳ ತಂಗಿಯ ಮನೆಯ ಹಿತ್ತಲಲ್ಲಿದ್ದೇವೆ. ಇಟ್ಟಿಗೆ ಕಾರ್ಖಾನೆಯ ತಂಡ, ಹುಡುಗಿಯರ ತಂಡ ಎರಡರ ಬಟ್ಟೆಯೂ ಅವಳ ಕೈಗೇ ಬರುತ್ತದೆ. ನಾನು ನೀರು ಸೇದಿ ಕೊಡುತ್ತೇನೆ, ಹಿಂಡುತ್ತೇನೆ.

ನಮ್ಮ ಕ್ಲಬ್ಬು ಮತ್ತೆ ಎರಡನೇ ದರ್ಜೆಗೆ ಬಿದ್ದಿದೆ. ಆದರೂ ಭಾನುವಾರ ಆಟ ಇದ್ದರೆ ಜುರೆಮಾ ಕೆಂಪು ಅಂಗಿ ತೊಟ್ಟು ಹೊರಡುತ್ತಾಳೆ. ಟಿಕೆಟ್ಟು ತಗೊಂಡು, ಮುಂಬಾಗಿಲಿನಿಂದಲೇ ಒಳಗೆ ಹೋಗಿ, ಮೆಟ್ಟಿಲುಗಳ ನಟ್ಟನಡುವೆ ಕೂರುತ್ತೇವೆ. ಅಕ್ಕಪಕ್ಕದವರು ಎದ್ದು ದೂರ ಸರಿಯುತ್ತಾರೆ.

"ಒಳ್ಳೇದಾಯ್ತು," ಅನ್ನುತ್ತಾಳೆ ಅವರಿಗೆ ಕೇಳಿಸುವ ಹಾಗೆ. "ಕಾಲು ಚಾಚ್ಕೊಂಡು ಕೂತ್ಕೋ, ಬೆಲಾರ್ಮಿನೊ."