ನಿಂಬೆ ತಾತನ ಕಂಬ

ತರಕಾರಿ ಮಾರುಕಟ್ಟೆಯಲ್ಲಿ ಟೈಲರಮ್ಮನಿಗೆ ಅಂತಲೇ ಒಂದು ಜಾಗವಿತ್ತು. ಒಳಗೆ ಹೊಕ್ಕ ಕೂಡಲೇ ಎಡಕ್ಕೆ ಸುಣ್ಣ ಕಿತ್ತುಹೋದ ಒಂದು ಕಂಬ, ಅದರ ಬುಡದಲ್ಲಿ ಗೋಣಿ ಹಾಸಿಕೊಂಡು ನಿಂಬೆಹಣ್ಣು ಮಾರುವ ತಾತ. ಶನಿವಾರ ಬೆಳಿಗ್ಗೆ ಗಂಡನ ಜೊತೆ ಬರುವುದು, ಕಂಬದ ತನಕ ಜೊತೆಯಲ್ಲೇ ನಡೆಯುವುದು, ಅಲ್ಲಿಂದಾಚೆ ಅವನು ಯಾರೋ ತಾನು ಯಾರೋ ಎಂಬಂತೆ ಕಂಬಕ್ಕೆ ಅಂಟಿಕೊಂಡು ನಿಂತುಬಿಡುವುದು. ಮದುವೆಯಾದ ಹೊಸತರಲ್ಲಿ ಶುರುವಾದ ಈ ಏರ್ಪಾಟು ಮಗಳ ಮದುವೆಯಾದ ಮೇಲೂ ಬದಲಾಗಿರಲಿಲ್ಲ.

ಇದಕ್ಕೆಲ್ಲ ಕಾರಣ ಗಂಡನ ಚೌಕಾಸಿ. ಬಸ್ಸಿನಲ್ಲಿ ಕಂಡಕ್ಟರ್ ಆಗಿ ಜನ್ಮವಿಡೀ ಚಿಲ್ಲರೆಗಾಗಿ ಜನರೊಡನೆ ಕಿತ್ತಾಡಿದವನು ಅವನು. ನಿವೃತ್ತಿಯಾದಾಗ ಚೀಲ, ಸೀಟಿ ಎಲ್ಲವನ್ನೂ ಡಿಪೋಗೆ ಒಪ್ಪಿಸಿ, ಗಂಟಲನ್ನು ಮಾತ್ರ ಮನೆಗೆ ತಂದಿದ್ದ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಕಟ್ಟಿದವರು ಈ ಕಂಡಕ್ಟರನನ್ನು ನೋಡಿರಲಾರರು. ಮಾತು ಬಲ್ಲವನಾದ್ದರಿಂದಲೇ ಅವನಿಗೆ ಜಗಳ ಬೇಕಿತ್ತು. ಅವನಿಗೆ ತಕ್ಕ ಜೋಡಿಯಾಗಿ ಮಾರುಕಟ್ಟೆಯ ನಡುಸಾಲಿನಲ್ಲಿ ಸೊಪ್ಪಿನಕ್ಕ ತಕ್ಕಡಿ ಹಿಡಿದು ಕೂತಿದ್ದಳು.

“ಬೀನ್ಸ್ ಒಳಗೆ ಬೆಳ್ಳಿ ಕಾಳು ಇಟ್ಟಿದ್ದೀಯೇನಮ್ಮ, ಈ ರೇಟು ಹೇಳ್ತೀಯ?” ಎಂದು ಅವನು ಶುರುಮಾಡುತ್ತಿದ್ದ.

“ಬೆಳ್ಳಿ ತಿನ್ನೋ ಮುಖ ಅಂತ ನೋಡೇ ಹೇಳಿದ್ದು. ಬೇಡ್ವಾ? ಮುಂದೆ ಹೋಗಿ, ಮುಂದೆ ಹೋಗಿ. ಬಸ್ಸಲ್ಲಿ ನಮ್ಮನ್ನ ಕುರಿ ತುಂಬಿದ ಹಾಗೆ ತುಂಬ್ತಿದ್ರಲ್ಲ, ಈಗ ನೀವೂ ಸ್ವಲ್ಪ ಮುಂದೆ ಹೋಗಿ.”

ಅವನು ನಿಜವಾಗಿಯೂ ಬೆನ್ನು ತಿರುಗಿಸಿ ನಡೆದುಬಿಡುತ್ತಿದ್ದ. ನಿಂಬೆ ತಾತನ ಕಂಬ ಮುಟ್ಟುವ ತನಕ ಸೊಪ್ಪಿನಕ್ಕ ಸುಮ್ಮನಿರುತ್ತಿದ್ದಳು. ಆಮೇಲೆ, “ಬನ್ನಿ ಕಂಡಕ್ಟ್ರೇ, ನಿಮ್ಮ ಹೊಟ್ಟೆ ತಣ್ಣಗಿರಲಿ, ನಿಮ್ಮ ರೇಟಿಗೇ ತಗೊಂಡು ಹೋಗಿ” ಎಂದು ಸಾಲಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಅವನು ಮೀಸೆಯಡಿ ನಗುತ್ತ ಹಿಂತಿರುಗುತ್ತಿದ್ದ. ಕೊನೆಗೆ ಅವಳು ಒಂದು ಹಿಡಿ ಕೊತ್ತಂಬರಿ ಸೊಪ್ಪನ್ನು ಹೊಡೆಯುವವಳ ಹಾಗೆ ಅವನ ಚೀಲಕ್ಕೆ ಎಸೆಯುತ್ತಿದ್ದಳು. ಆ ಸೊಪ್ಪು ಬಿದ್ದಮೇಲೆ ಇಬ್ಬರೂ ಗೆದ್ದಂತೆ ಲೆಕ್ಕ.

ಟೈಲರಮ್ಮನಿಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಮೆಲುಮಾತಿನ ಹೆಂಗಸು ಅವಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಡಾವಣೆಯ ಅರ್ಧ ಮಕ್ಕಳ ಯೂನಿಫಾರ್ಮ್ ಹೊಲಿದರೂ, ಕೂಲಿ ಇಷ್ಟು ಅಂತ ಬಾಯಿಬಿಟ್ಟು ಕೇಳಿದವಳಲ್ಲ. ತಾತನಿಗೆ ಇದೇ ತಮಾಷೆ. “ಅಮ್ಮ, ಅಲ್ಲಿ ಗಲಾಟೆ ಮಾಡ್ತಿದ್ದಾರಲ್ಲ, ಅವರು ಯಾರು?” ಎಂದು ಪ್ರತಿವಾರ ಕೇಳುವನು. “ಯಾರೋ, ಗೊತ್ತಿಲ್ಲ ತಾತ” ಎಂದು ಅವಳು ಪ್ರತಿವಾರ ಹೇಳುವಳು. ತಾತ ಈ ಸುದ್ದಿಯನ್ನು ಕಂಡಕ್ಟರನಿಗೂ ಮುಟ್ಟಿಸಿದ್ದ. ಅವತ್ತಿನಿಂದ ಅವನು ತಟ್ಟೆಯ ಮುಂದೆ ಕೂತಾಗಲೆಲ್ಲ, “ಯಾರೋ ಗೊತ್ತಿಲ್ಲದ ಗಂಡಸಿಗೆ ಊಟ ಬಡಿಸ್ತಿದ್ದೀಯಲ್ಲೇ, ನೋಡಿದವರು ಏನಂದಾರು?” ಅನ್ನುತ್ತಿದ್ದ.

“ನಾಲ್ಕು ಕಾಸಿಗೆ ಯಾಕ್ರೀ ಅಷ್ಟು ರಂಪ?” ಎಂದು ಅವಳು ಒಮ್ಮೆ ಕೇಳಿದ್ದಳು.

“ಕಾಸು ಯಾರಿಗೆ ಬೇಕು ಕಣೇ? ಇಡೀ ವಾರ ಮನೇಲಿ ನಿನ್ನ ಯಂತ್ರದ ಸದ್ದೇ ಕೇಳ್ತಾ ಕೂತಿರ್ತೀನಿ. ಅಲ್ಲಿಗೆ ಹೋದರೆ ನಾನು ಇನ್ನೂ ಕಂಡಕ್ಟರು.”

ಆಮೇಲೊಂದು ಬೆಳಿಗ್ಗೆ, ಗಡ್ಡ ಬೋಳಿಸಿಕೊಳ್ಳುತ್ತಿದ್ದವನು ಕನ್ನಡಿಯ ಮುಂದೆಯೇ ಕುಸಿದ. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬರುವಾಗ ಬಲಗೈ ಜೋತುಬಿದ್ದಿತ್ತು, ಬಲಗಾಲು ಎಳೆಯುತ್ತಿತ್ತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು, ಮಾತು ಹೋಗಿತ್ತು. ಉಳಿದದ್ದು ಒಂದೇ ಒಂದು. ಹಸಿವಾಗಿದೆಯಾ ಅಂದರೂ “ಆಯ್ತು”, ಎಲ್ಲಿ ನೋವು ಅಂದರೂ “ಆಯ್ತು”, ಬೇಡ ಅನ್ನಲು ಬಾಯಿ ತೆರೆದರೂ ಹೊರಗೆ ಬರುವುದು “ಆಯ್ತು”. ಹುಟ್ಟಿದಾಗಿನಿಂದ ಯಾರ ಮಾತಿಗೂ ಸುಲಭಕ್ಕೆ ಒಪ್ಪದವನಿಗೆ ದೇವರು ಉಳಿಸಿಕೊಟ್ಟದ್ದು ಒಪ್ಪಿಗೆಯ ಮಾತನ್ನು ಮಾತ್ರ.

“ಒಳಗೆ ಅವರಿಗೆ ಎಲ್ಲ ಅರ್ಥವಾಗುತ್ತಮ್ಮ, ಹೇಳೋಕೆ ಮಾತು ಸಿಗಲ್ಲ, ಅಷ್ಟೇ” ಎಂದಿದ್ದರು ಡಾಕ್ಟರು. “ಯಾವ ಮಾತು ಉಳಿಯುತ್ತೆ ಅನ್ನೋದು ಯಾರ ಕೈಯಲ್ಲೂ ಇಲ್ಲ.” ಆ ‘ಅಷ್ಟೇ’ ಅನ್ನುವುದು ಎಷ್ಟು ದೊಡ್ಡದು ಎಂದು ಅವರಿಗೆ ಗೊತ್ತಿರಲಿಲ್ಲ, ಪಾಪ.

ಮಗಳು ಅದೇ ಊರಿನ ಇನ್ನೊಂದು ತುದಿಯಲ್ಲಿದ್ದಳು. ಒಂದು ಭಾನುವಾರ ಬಂದು ಅಮ್ಮನ ಫೋನಿನಲ್ಲಿ ಏನೇನೋ ಒತ್ತಿ, “ಇನ್ನು ಮೇಲೆ ಸಾಮಾನು ಮನೆ ಬಾಗಿಲಿಗೇ ಬರುತ್ತಮ್ಮ. ನೀನು ಅಪ್ಪನ್ನ ಬಿಟ್ಟು ಎಲ್ಲೂ ಹೋಗೋದು ಬೇಡ” ಎಂದು ವ್ಯವಸ್ಥೆ ಮಾಡಿಹೋದಳು. ಹೇಳಿದ ಹಾಗೆಯೇ ಬರುತ್ತಿತ್ತು. ತೊಳೆದ ಕ್ಯಾರೆಟ್, ತೂಕ ಮಾಡಿ ಕಟ್ಟಿದ ಬೀನ್ಸ್, ಬೆಲೆ ಅಂಟಿಸಿದ ಪೊಟ್ಟಣ. ತಂದವನು ಕರೆಗಂಟೆ ಒತ್ತಿ ಚೀಲ ಇಟ್ಟು ಮೆಟ್ಟಿಲಿಳಿದು ಹೋಗುತ್ತಿದ್ದ. ಜಗಳವೆಲ್ಲಿ ಬಂತು, ಅವನ ಮುಖ ನೋಡಲೂ ಆಗುತ್ತಿರಲಿಲ್ಲ.

ಆದರೆ ಶನಿವಾರ ಬಂತೆಂದರೆ ಕಂಡಕ್ಟರ್ ಎಡಗೈಯಲ್ಲಿ ಬಟ್ಟೆಯ ಚೀಲ ಹಿಡಿದು ಬಾಗಿಲ ಬಳಿ ನಿಲ್ಲುತ್ತಿದ್ದ. ತರಕಾರಿ ಬಂದಾಗಿದೆ ಕಣ್ರೀ ಎಂದು ಅವಳು ತೋರಿಸಿದರೆ “ಆಯ್ತು” ಅನ್ನುವನು, ಚೀಲ ಮಾತ್ರ ಬಿಡನು. ಒಂದು ವಾರ ಅವಳು ಚೀಲವನ್ನು ಯಂತ್ರದ ಹಿಂದೆ ಬಚ್ಚಿಟ್ಟಳು. ಅವನು ಇಡೀ ಬೆಳಿಗ್ಗೆ ಕಾಲೆಳೆದುಕೊಂಡು ಮಂಚದ ಕೆಳಗೆ, ಕಪಾಟಿನ ಹಿಂದೆ ಎಲ್ಲ ಹುಡುಕಿದ. ಅವಳ ಕರುಳು ಚುರುಕ್ ಅಂದಿತು. ಮುಂದಿನ ಶನಿವಾರ ತಾನೇ ಚೀಲ ತೆಗೆದುಕೊಟ್ಟು, ಅವನ ಅಂಗಿಯ ಗುಂಡಿ ಹಾಕಿ ಕರೆದುಕೊಂಡು ಹೊರಟಳು.

ಅವಳ ಭಯ ಅವನು ಬೀಳುತ್ತಾನೆಂದಲ್ಲ. ಆ ಜನ ಅವನನ್ನು ನೋಡಿ ಅಯ್ಯೋ ಪಾಪ ಅಂದುಬಿಟ್ಟರೆ ಎಂದು.

ಅಂದರು. ಟೊಮೆಟೊದವನು ರೂಢಿಯಂತೆ ಏರಿಸಿ ಬೆಲೆ ಹೇಳಿದ. ಕಂಡಕ್ಟರ್ “ಆಯ್ತು” ಅಂದ. ಟೊಮೆಟೊದವನಿಗೆ ಗಾಬರಿಯಾಗಿ ತಾನೇ ಇಳಿಸಿದ. ಅದಕ್ಕೂ “ಆಯ್ತು”. ಅವನು ತಲೆ ತಗ್ಗಿಸಿ ತೂಗಿಕೊಟ್ಟ. ಸೊಪ್ಪಿನಕ್ಕನ ಎದುರು ಬಂದು ನಿಂತಾಗ ಅವಳು ವಾಲಿದ ಬಾಯಿ ನೋಡಿದಳು, ಜೋತುಬಿದ್ದ ಕೈ ನೋಡಿದಳು. ಬೆಲೆ ಹೇಳಲೇ ಇಲ್ಲ. ಬೀನ್ಸು, ಕ್ಯಾರೆಟ್, ಸೊಪ್ಪು ಎಲ್ಲವನ್ನೂ ಬಾಚಿ ಚೀಲಕ್ಕೆ ತುಂಬಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ದುಡ್ಡು ಬೇಡ ಕಂಡಕ್ಟ್ರೇ, ತಗೊಂಡು ಹೋಗಿ” ಅಂದಳು.

ಅವನ ಮುಖ ಕೆಂಪಾಯಿತು. “ಆಯ್ತು” ಅಂದ. “ಆಯ್ತು, ಆಯ್ತು, ಆಯ್ತು” ಎಂದು ದನಿ ಏರಿಸುತ್ತ ಚೀಲವನ್ನು ಬುಡಮೇಲು ಮಾಡಿ ಅವಳ ಗೋಣಿಯ ಮೇಲೆ ಸುರಿದುಬಿಟ್ಟ. ಬೀನ್ಸ್ ಕಾಲ್ದಾರಿಯ ತನಕ ಚೆಲ್ಲಿತು. ತಲೆ ಕೆಟ್ಟಿದೆ, ಪಾಪ, ಎಂದು ಯಾರೋ ಹಿಂದಿನಿಂದ ಅಂದದ್ದು ಅವನಿಗೂ ಕೇಳಿತು. ಟೈಲರಮ್ಮ ಕುಕ್ಕರುಗಾಲಲ್ಲಿ ಕೂತು ಬೀನ್ಸ್ ಆರಿಸಿಕೊಡುವಷ್ಟರಲ್ಲಿ ಅವನು ಗೇಟು ದಾಟಿದ್ದ.

ಮುಂದಿನ ಶನಿವಾರ ಅವನು ಚೀಲ ಮುಟ್ಟಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿದವನು ಊಟಕ್ಕೆ ಎಬ್ಬಿಸಿದರೆ “ಆಯ್ತು” ಅನ್ನುವನು, ಏಳನು. ತಟ್ಟೆಯಲ್ಲಿ ಹಾಕಿದ್ದು ಹಾಗೇ ಉಳಿಯುತ್ತಿತ್ತು. ಚೀಲ ಹುಡುಕಿ ಮನೆಯೆಲ್ಲ ಅಲೆದಾಡಿದ ಆ ಗಂಡನೇ ವಾಸಿಯಿದ್ದ ಎಂದು ಅವಳಿಗೆ ಅನ್ನಿಸಿತು. ಲಕ್ವ ಅರ್ಧ ಕೊಂಡೊಯ್ದಿತ್ತು; ಉಳಿದರ್ಧ ಈಗ ಅವಳ ಕಣ್ಣೆದುರೇ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಮಗಳನ್ನು ಮನೆಯಲ್ಲಿ ಕೂರಿಸಿ ಅವಳೊಬ್ಬಳೇ ಮಾರುಕಟ್ಟೆಗೆ ಹೋದಳು. ವ್ಯಾಪಾರವಿಲ್ಲದ ಹೊತ್ತು. ಸೊಪ್ಪಿನಕ್ಕ ಬಾಡಿದ ಎಲೆ ಕಿತ್ತು ಎಸೆಯುತ್ತ ಕೂತಿದ್ದಳು.

“ನೀವು ಅವರಿಗೆ ಸುಮ್ಮನೆ ಕೊಡಬೇಡಿ ಅಕ್ಕ” ಅಂದಳು ಟೈಲರಮ್ಮ. “ಬೈಯಿರಿ. ಮೊದಲಿನ ಹಾಗೆ.”

“ಹೆಂಗಮ್ಮ ಬೈಯೋದು? ಆ ಮುಖ ನೋಡಿದರೆ ನನಗೆ ಬಾಯೇ ಬರಲ್ಲ. ಅದೂ ಅಲ್ದೆ, ಆ ಕಡೆಯಿಂದ ಮಾತೇ ಇಲ್ಲ ಅಂದ್ಮೇಲೆ ನಾನೊಬ್ಬಳೇ ಜಗಳ ಆಡ್ಲಾ? ಒಂದು ಕೈಲಿ ಚಪ್ಪಾಳೆ ಆಗುತ್ತಾ?”

“ಇನ್ನೊಂದು ಕೈ ನಾನಾಗ್ತೀನಿ” ಅಂದಳು ಟೈಲರಮ್ಮ.

ಶನಿವಾರ ಅವನನ್ನು ಎಬ್ಬಿಸಲು ಸಾಕುಬೇಕಾಯಿತು. ಚೀಲವನ್ನು ಅವಳೇ ಹಿಡಿದಳು. ಕಂಬ ಬಂತು, ತಾತ ತಲೆ ಎತ್ತಿದ. ಅವಳು ನಿಲ್ಲದೆ ಮುಂದೆ ನಡೆದಳು. ಆ ಕಂಬ ದಾಟಿ ಗಂಡನ ಪಕ್ಕದಲ್ಲಿ ಹೀಗೆ ಬೇಕೆಂದೇ ಹೆಜ್ಜೆ ಹಾಕಿದ್ದು ಅದೇ ಮೊದಲು. ಹಿಂದಿನ ಸಲ ಅವನು ಬೀಳದಿರಲಿ ಎಂದು ಹಿಂದೆ ಹಿಂದೆ ಬಂದಿದ್ದಳು, ಅಷ್ಟೇ.

ಸೊಪ್ಪಿನಕ್ಕ ಆಕಾಶದಲ್ಲಿರುವ ಬೆಲೆ ಹೇಳಿದಳು.

“ಸ್ವಲ್ಪ ಕಡಿಮೆ ಮಾಡಿಕೊಳ್ಳಿ, ದಯವಿಟ್ಟು” ಅಂದಳು ಟೈಲರಮ್ಮ.

“ಜಗಳಕ್ಕೆ ಬಂದೋರು ದಯವಿಟ್ಟು ಅಂತಾರೇನಮ್ಮ?” ಸೊಪ್ಪಿನಕ್ಕ ಕಂಡಕ್ಟರನ ಕಡೆ ತಿರುಗಿದಳು. “ಏನ್ ಕಂಡಕ್ಟ್ರೇ, ಬಾಡಿಗೆಗೆ ಬಾಯಿ ತಂದಿದ್ದೀರಾ? ತರೋದು ತಂದ್ರಿ, ಸ್ವಲ್ಪ ಗಟ್ಟಿ ಬಾಯಿ ತರಬಾರದಿತ್ತಾ?”

ಟೈಲರಮ್ಮ ಹೆದರಿ ಗಂಡನ ಮುಖ ನೋಡಿದಳು. ಅವನ ತಲೆ ಮೆಲ್ಲನೆ ಮೇಲೆದ್ದಿತ್ತು. ಎಷ್ಟೋ ದಿನಗಳಿಂದ ಗೋಡೆಯನ್ನೇ ನೋಡುತ್ತಿದ್ದ ಕಣ್ಣು ಸೊಪ್ಪಿನಕ್ಕನನ್ನು ನೆಟ್ಟು ನೋಡುತ್ತಿತ್ತು.

ಆಗ ಟೈಲರಮ್ಮನಿಗೆ ಮಾತು ಬಂತು. ಹುಡುಕಬೇಕಾಗಿರಲಿಲ್ಲ, ಅಷ್ಟು ವರ್ಷ ಆ ಕಂಬದ ಬಳಿ ನಿಂತು, ಕೇಳಿಸಿಕೊಳ್ಳುವುದಿಲ್ಲ ಎಂದುಕೊಂಡೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಬೀನ್ಸ್ ಒಳಗೆ ಬೆಳ್ಳಿ ಕಾಳು ಇಟ್ಟಿದ್ದೀಯೇನಮ್ಮ, ಈ ರೇಟು ಹೇಳ್ತೀಯ?” ಅಂದಳು. “ನಿನ್ನ ತಕ್ಕಡಿಗೆ ಮೊದಲು ಟಿಕೆಟ್ ತಗೋ. ಅದು ಯಾವಾಗ್ಲೂ ನಿನ್ನ ಕಡೆಗೇ ಒರಗಿ ಕೂತಿರುತ್ತೆ.” ಈ ಮಾತೂ ಅವನದೇ, ಹಿಂದೊಮ್ಮೆ ಇದನ್ನು ಕೇಳಿ ಅವಳು ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

“ಅಬ್ಬ, ಬಾಡಿಗೆ ಬಾಯಿ ಪರವಾಗಿಲ್ಲ” ಅಂದಳು ಸೊಪ್ಪಿನಕ್ಕ. “ಬೇಡ ಅಂದ್ರೆ ಮುಂದೆ ಹೋಗಿ, ಮುಂದೆ ಹೋಗಿ.”

ಮುಂದೇನು ಮಾಡಬೇಕೆಂದು ಟೈಲರಮ್ಮ ಮರೆತಳು. ಕಂಡಕ್ಟರ್ ಮರೆತಿರಲಿಲ್ಲ. ಅವನು ಬೆನ್ನು ತಿರುಗಿಸಿ ಹೊರಟ. ಮೊದಲೆಲ್ಲ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಂಬ ಮುಟ್ಟುತ್ತಿದ್ದವನಿಗೆ ಈಗ ಕಾಲೆಳೆದು ಎಳೆದು ಹೋಗಬೇಕು. ಸಾಲಿನವರು ದಾರಿ ಬಿಟ್ಟರು. ಯಾರೂ ಕೈ ಹಿಡಿಯಲು ಹೋಗಲಿಲ್ಲ. ಸೊಪ್ಪಿನಕ್ಕ ತುಟಿ ಕಚ್ಚಿಕೊಂಡು ಕಾದಳು. ಅವನ ಎಡಗೈ ಕಂಬಕ್ಕೆ ತಾಗಿದ ಮೇಲೆಯೇ ಕೂಗಿದಳು: “ಬನ್ನಿ ಕಂಡಕ್ಟ್ರೇ, ನಿಮ್ಮ ಹೊಟ್ಟೆ ತಣ್ಣಗಿರಲಿ, ನಿಮ್ಮ ರೇಟಿಗೇ ತಗೊಂಡು ಹೋಗಿ.”

ಅವನು ತಿರುಗಿ ಬರಲಿಲ್ಲ. ಕಾಲು ಸೋತಿತ್ತು, ಸುಧಾರಿಸಿಕೊಳ್ಳಬೇಕಿತ್ತು. ಕಂಬಕ್ಕೆ ಒರಗಿಕೊಂಡು, ಅವಳು ಅಷ್ಟು ವರ್ಷ ನಿಲ್ಲುತ್ತಿದ್ದ ಜಾಗದಲ್ಲೇ ನಿಂತ. ಟೈಲರಮ್ಮ ಹಣ ಕೊಟ್ಟು ಚೀಲ ಎತ್ತಿಕೊಂಡಾಗ ಒಂದು ಹಿಡಿ ಕೊತ್ತಂಬರಿ ಸೊಪ್ಪು ರಪ್ಪೆಂದು ಒಳಗೆ ಬಿತ್ತು.

ಅವಳು ಕಂಬದ ಬಳಿ ಬರುವ ಹೊತ್ತಿಗೆ ತಾತ ಅವನನ್ನು ಕೇಳುತ್ತಿದ್ದ, “ಕಂಡಕ್ಟ್ರೇ, ಅಲ್ಲಿ ಗಲಾಟೆ ಮಾಡ್ತಿದ್ರಲ್ಲ, ಆ ಯಮ್ಮ ಯಾರು?”

ಕಂಡಕ್ಟರನ ಮುಖದಲ್ಲಿ ಹಳೆಯ ನಗು ಅರ್ಧ ಮೂಡಿತು. ಏನು ಹೇಳಬೇಕೆಂದು ಅವನಿಗೆ ಗೊತ್ತಿತ್ತು. ತುಟಿ ಅಲುಗಿತು, ಕುತ್ತಿಗೆಯ ನರ ಬಿಗಿಯಿತು. “ಆಯ್ತು” ಅಂದ. ಅಲ್ಲ ಅಲ್ಲ ಎಂದು ತಲೆಯಾಡಿಸಿ ಮತ್ತೆ ಬಾಯಿ ತೆರೆದ. “ಆಯ್ತು.” ಇಷ್ಟು ಸಣ್ಣ ತಮಾಷೆಯನ್ನೂ ಹೇಳಲಾಗದೆ ಅವನ ಕಣ್ಣಿಂದ ನೀರು ಇಳಿಯಿತು. ತಾತ ಯಾಕಾದರೂ ಕೇಳಿದೆನೋ ಎಂದು ನಿಂಬೆಹಣ್ಣು ಸರಿಮಾಡತೊಡಗಿದ.

“ಯಾರೋ, ಗೊತ್ತಿಲ್ಲವಂತೆ ತಾತ” ಅಂದಳು ಟೈಲರಮ್ಮ.

ಕಂಡಕ್ಟರ್ ಅವಳ ಕಡೆ ನೋಡಿದ. ಹೌದು, ಅದೇ, ಎನ್ನುವಂತೆ ಜೋರಾಗಿ ತಲೆದೂಗಿದ.

ಚೀಲದ ಒಂದು ಕಿವಿ ಅವನು ಹಿಡಿದ, ಇನ್ನೊಂದು ಅವಳು. ಮನೆಯ ತನಕ ಅವಳೇ ಮಾತಾಡಿದಳು. ಸೊಪ್ಪಿನಕ್ಕ ಹೀಗಂದಳಲ್ಲ, ಅದಕ್ಕೆ ನೀವಾಗಿದ್ದರೆ ಹೀಗನ್ನುತ್ತಿದ್ದಿರಿ ಎಂದು ಎರಡೂ ಕಡೆಯದನ್ನು ಅವಳೇ ಆಡಿದಳು. ಅವನ ಆ ದನಿ ಇನ್ನು ಬರುವುದಿಲ್ಲ ಎಂದು ನಡೆಯುತ್ತ ನಡೆಯುತ್ತ ಅವಳಿಗೆ ಖಚಿತವಾಯಿತು. ಬೇಕೆಂದಷ್ಟು ಸಿಗುತ್ತಿದ್ದಾಗ ದೂರ ನಿಂತು ಕೇಳಿದ ದನಿ ಅದು. ಅವಳು ಮಾತು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಅಳು ಬರುತ್ತಿತ್ತು.

ಮಧ್ಯಾಹ್ನ ತಟ್ಟೆ ಇಟ್ಟು ಅವನೆದುರು ಕೂತಳು.

“ಯಾರೋ ಗೊತ್ತಿಲ್ಲದ ಹೆಂಗಸು ಬಡಿಸ್ತಿದ್ದಾಳೆ. ಊಟ ಮಾಡ್ತೀರಾ?” ಅಂದಳು.

“ಆಯ್ತು” ಅಂದ ಅವನು, ಎಡಗೈಯಲ್ಲಿ ಚಮಚ ಎತ್ತಿಕೊಂಡ. ಅದು ಅವಳ ತಮಾಷೆಗೆ ಕೊಟ್ಟ ಉತ್ತರವೋ, ಉಳಿದಿದ್ದ ಒಂದೇ ಮಾತು ತಾನಾಗಿ ಬಂದದ್ದೋ, ಅವಳಿಗೆ ಇನ್ನು ಎಂದಿಗೂ ತಿಳಿಯುವಂತಿರಲಿಲ್ಲ. ಅವಳು ಬಡಿಸಿದಳು.