ಪಂಪುಮನೆಯ ಹಿಂದಿನ ಜೊಂಡು

ಕೊಳದ ಕಾವಲುಗಾರನಿಗೆ ಮೂರು ವರ್ಷದಿಂದ ಒಂದೇ ತಲೆನೋವು. ಯಾರೋ ಪುಣ್ಯಾತ್ಮರು ಮನೆಯ ಗಾಜಿನ ತೊಟ್ಟಿ ಖಾಲಿ ಮಾಡಿ ಪರದೇಶದ ಮೀನುಗಳನ್ನು ಉದ್ಯಾನದ ಕೊಳಕ್ಕೆ ಸುರಿದಿದ್ದರು. ಆ ಹೊಟ್ಟೆಬಾಕರು ಕೊಳದ ಹಳೆಯ ಒಕ್ಕಲಾದ ಬೆರಳುದ್ದದ ಬೆಳ್ಳಿಮೀನುಗಳ ಮೊಟ್ಟೆಮರಿಗಳನ್ನೆಲ್ಲ ಗುಳುಂ ಮಾಡುತ್ತಿದ್ದರು.

ಅವನೇನು ಕೈಕಟ್ಟಿ ಕೂತಿರಲಿಲ್ಲ. ವಾರಕ್ಕೊಮ್ಮೆ ಬಲೆ ಎಳೆಯುತ್ತಿದ್ದ. ಬಲೆ ಸಿಕ್ಕಿಕೊಳ್ಳಬಾರದೆಂದು ಮೊದಲು ದಡದ ಜೊಂಡನ್ನೆಲ್ಲ ಬುಡಸಮೇತ ಕಿತ್ತು ಹಾಕುತ್ತಿದ್ದ. ಮೇಲಿನವರ ಅಪ್ಪಣೆಯೂ ಹಾಗೇ ಇತ್ತು. ಆದರೆ ಎಷ್ಟು ಹಿಡಿದರೂ ಮುಂದಿನ ವಾರ ಅವು ಇನ್ನಷ್ಟು ಇರುತ್ತಿದ್ದವು. ಈಗ ಸೋಮವಾರ ಮೀನಿನ ತಜ್ಞೆ ಬರುವವಳಿದ್ದಳು. ಒಂದೂ ಬೆಳ್ಳಿಮೀನು ಕಾಣದಿದ್ದರೆ ಕೊಳ ಮುಚ್ಚಿ ವಾಹನ ನಿಲ್ಲಿಸುವ ಜಾಗ ಮಾಡುವುದೆಂದು ಕಚೇರಿಯಲ್ಲಿ ತೀರ್ಮಾನವಾಗಿತ್ತು. ಇಪ್ಪತ್ತಾರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದ ಕೊಳ! ಅವನಿಗೆ ಊಟವೇ ಸೇರಲಿಲ್ಲ.

ಅದೇ ಉದ್ಯಾನದಲ್ಲಿ ಹೂಪಾತಿ ನೋಡಿಕೊಳ್ಳುವ ಅವನ ಹೆಂಡತಿ, ಹೀಗೆ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡಿದ್ದರೆ ಹೂಗಳೂ ಬಾಡುತ್ತವೆಂದು ಛೇಡಿಸಿ, ನೀರು ತರಲು ಪಂಪುಮನೆಯ ಹಿಂದಕ್ಕೆ ಹೋದಳು. ಅಲ್ಲಿನ ದಡ ಕಡಿದಾದದ್ದು. ಸೊಂಟನೋವಿನ ನೆಪ ಹೇಳಿ ಅವನು ಎರಡು ವರ್ಷದಿಂದ ಅತ್ತ ತಲೆ ಹಾಕಿರಲಿಲ್ಲ. ಕಚೇರಿಗೆ ಮಾತ್ರ ಎಲ್ಲ ಕಡೆ ಚೊಕ್ಕ ಮಾಡಿದ್ದೇನೆಂದು ಹೇಳಿಕೊಂಡು ಬಂದಿದ್ದ.

ಹೆಂಡತಿ ಕೈಸನ್ನೆ ಮಾಡಿ ಕರೆದಳು. ಅವನು ಹೋಗಿ, ಬೋರಲು ಮಲಗಿ, ಆಳೆತ್ತರದ ಜೊಂಡನ್ನು ಮೆಲ್ಲಗೆ ಸರಿಸಿದ. ದಂಟುಗಳ ಸಂದಿಯಲ್ಲಿ ಬೆಳ್ಳಿಮರಿಗಳು, ಒಂದಲ್ಲ ಎರಡಲ್ಲ, ಹಿಂಡುಹಿಂಡಾಗಿ! ಪರದೇಶದ ಡುಮ್ಮಣ್ಣನೊಬ್ಬ ಬಂದು ಮೂತಿ ತೂರಿಸಲು ನೋಡಿದ, ಹೊಟ್ಟೆ ಹಿಡಿಸಲಿಲ್ಲ, ತಿರುಗಿ ಹೋದ.

ಅವನು ಜೊಂಡಿನಿಂದ ಕೈ ತೆಗೆದು ಹೆಂಡತಿಯತ್ತ ತಿರುಗಿದ.

"ಅಂದ್ರೆ ಇವುಗಳ ಮನೆ ಕಿತ್ತೋನು ನಾನೇ ಕಣೇ."

"ಹೂಂ, ಅದೂ ಶ್ರದ್ಧೆಯಿಂದ," ಎಂದಳು ಅವಳು.

ಸೋಮವಾರ ತಜ್ಞೆ ಮರಿಗಳನ್ನು ಕಂಡು ಹಿರಿಹಿರಿ ಹಿಗ್ಗಿದಳು. ಉಪಾಯವಾಗಿ ಈ ಮೂಲೆಯನ್ನು ಉಳಿಸಿದ್ದೀರಿ, ನಿಮ್ಮ ಹೆಸರನ್ನು ವರದಿಯಲ್ಲಿ ಬರೆಯುತ್ತೇನೆಂದಳು. ಸುಮ್ಮನಿದ್ದರೆ ಹೊಗಳಿಕೆ ಪುಕ್ಕಟೆ. ಆದರೆ ಸುಮ್ಮನಿದ್ದರೆ ಉಳಿದ ದಡ ಬೋಳಾಗಿಯೇ ಇರುತ್ತದೆ. ಅವನು ಬರೆಯಬೇಡಿ ಎಂಬಂತೆ ಕೈಯಾಡಿಸಿದ.

"ಉಪಾಯ ಅಲ್ಲ ಮೇಡಂ, ಸೋಮಾರಿತನ. ಉಳಿದ ಕಡೆಯೆಲ್ಲ ನಾನೇ ಜೊಂಡು ಕಿತ್ತು ಈ ಮರಿಗಳನ್ನ ಆ ದಾಂಡಿಗರ ಬಾಯಿಗೆ ಹಾಕಿದೆ. ಬೇಕಾದ್ರೆ ನನ್ನನ್ನ ಕೆಲಸದಿಂದ ತೆಗೀರಿ, ಕೊಳ ಮಾತ್ರ ಮುಚ್ಚಬೇಡಿ."

ತಜ್ಞೆಯ ಮುಖ ಕೆಂಪಗಾಯಿತು.

"ಬಲೆ ಎಳೆಯೋ ಮುಂಚೆ ಜೊಂಡು ಕೀಳಿಸಿ ಅಂತ ಕಚೇರಿಗೆ ಬರೆದೋಳು ನಾನೇ," ಎಂದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದಲ್ಲೇ ನಿಂತಿದ್ದ ಅವನ ಹೆಂಡತಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಕೊಳ ಉಳಿಯಲೇಬೇಕೆಂದು ತಜ್ಞೆ ಅಲ್ಲೇ ನಿಂತು ಬರೆದಳು. ಆಮೇಲೆ ಬೂಟು ಬಿಚ್ಚಿಟ್ಟು, ಆ ಮೂಲೆಯ ಅಂಚಿನಿಂದ ಬೇರುಸಮೇತ ಬಿಡಿಸಿದ ಜೊಂಡಿನ ಒಂದು ಕಟ್ಟನ್ನು ಎತ್ತಿಕೊಂಡು, ಎಲ್ಲಿಂದ ನೆಡೋಣ ಎಂದು ಅವನನ್ನೇ ಕೇಳಿದಳು.